ಲೀಟರಿಗೆ ಹದಿನಾಲ್ಕೂವರೆ

ಮೈಲೇಜು ಬರುತ್ತಿಲ್ಲ, ಅದಕ್ಕೇ ಪಿಕಪ್ ಕೊಟ್ಟು ಹೊಸದು ತರುತ್ತೇನೆ ಎಂದು ನಾಗೇಶ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಕೇಳಿದವರಿಗೆ ಹೇಳಿದ್ದ, ಕೇಳದವರಿಗೂ ಹೇಳಿದ್ದ. ತೋಟದ ಲೆಕ್ಕ ಬರೆಯುವ ರೈಟರ್ ಗುರುವಯ್ಯನಿಗೆ, ಮೂಡಿಗೆರೆಯಲ್ಲಿ ಕ್ಷೌರ ಮಾಡುವವನಿಗೆ, ಮದುವೆಮನೆಯೊಂದರಲ್ಲಿ ಪಕ್ಕದ ಎಲೆಗೆ ಕೂತ ಗುರುತಿಲ್ಲದ ಮನುಷ್ಯನಿಗೂ ಬಿಡದೆ ಹೇಳಿದ್ದ. ಹದಿನೆಂಟು ಎಕರೆ ಕಾಫಿ ಇಟ್ಟುಕೊಂಡ ಐವತ್ತಾರು ವರ್ಷದ ಮನುಷ್ಯನಿಗೆ ಗಾಡಿ ಬದಲಾಯಿಸಲು ಇದಕ್ಕಿಂತ ಮರ್ಯಾದಸ್ಥ ಕಾರಣ ಸಿಗಲಾರದು. ಹತ್ತೋ ಹನ್ನೊಂದೋ ಕೊಡುವ ಗಾಡಿಯನ್ನು ಎಷ್ಟು ದಿನ ಅಂತ ಸಾಕುವುದು ಎಂದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಹೆಂಡತಿ ವಿಮಲಮ್ಮ ಮಾತ್ರ ಆಡಿಸಿರಲಿಲ್ಲ. ಈ ಬೆಳಿಗ್ಗೆ ಅವನು ಗಾಡಿಯ ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಳ್ಳುವಾಗ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಅದರೊಳಗೆ ಆಳು ಹತ್ತಲ್ಲ ಅಂತ ಹೇಳಿದ್ರೆ ಏನಾಗ್ತಿತ್ತು ನಿಮಗೆ" ಎಂದಳು. ಅವನು ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿದ. ಅದು ತುಂಡಾಯಿತು. ಇನ್ನೊಂದು ಹುಡುಕುವ ನೆಪದಲ್ಲಿ ಒಳಗೆ ಹೋಗಿ, ಅವಳು ಬಾಗಿಲಿನಿಂದ ಸರಿಯುವವರೆಗೆ ಅಲ್ಲೇ ನಿಂತಿದ್ದ.

ವಿಷಯ ಅವಳು ಹೇಳಿದಷ್ಟೇ. ಇನ್ನು ಮೂರು ವಾರಕ್ಕೆ ಕೊಯ್ಲು ಶುರು. ಅರೇಬಿಕಾ ಹಣ್ಣಾಗುತ್ತಿದೆ, ಆಳುಗಳನ್ನು ದಿನಾ ಬೆಳಿಗ್ಗೆ ಕೆಳಗಿನ ಊರಿಂದ ಗಾಡಿಯಲ್ಲೇ ಕರೆತರಬೇಕು. ಆದರೆ ಕಳೆದ ಜನವರಿಯಿಂದ ಈ ಪಿಕಪ್ಪಿನ ಹಿಂಬದಿಗೆ ಯಾರೂ ಕಾಲಿಟ್ಟಿಲ್ಲ. ಜೂನಿನಲ್ಲಿ ಗೊಬ್ಬರ ಹಾಕಲು ಬಂದ ಹೆಂಗಸರು ಮೂರು ಕಿಲೋಮೀಟರ್ ಏರು ನಡೆದೇ ಬಂದಿದ್ದರು. ನಾಗೇಶ ಖಾಲಿ ಗಾಡಿಯನ್ನು ಫಸ್ಟ್ ಗೇರಿನಲ್ಲಿ ಅವರ ಪಕ್ಕದಲ್ಲೇ ಓಡಿಸುತ್ತ, ಕಿಟಕಿಯಿಂದ ತಲೆ ಹೊರಹಾಕಿ, "ಹತ್ರಮ್ಮ, ಮಳೆ ಬರುತ್ತೆ" ಎಂದಿದ್ದ. "ಇರ್ಲಿ ಬಿಡಿ ಅಯ್ಯ, ನಡೀತೀವಿ" ಎಂದರು. ಮಳೆ ಬಂತು. ಅವರು ಗೋಣಿಯ ಕೊಪ್ಪೆ ಹೊದ್ದು ನಡೆದರು. ಇವನು ಮುಂದೆ ಹೋಗಲಾರದೆ, ನಿಲ್ಲಲಾರದೆ, ವೈಪರ್ ಹಾಕಿಕೊಂಡು ತೋಟದ ಗೇಟಿನವರೆಗೂ ಅವರ ಪಕ್ಕದಲ್ಲೇ ಬಂದ. ಅಷ್ಟು ದೂರ ಫಸ್ಟ್ ಗೇರಿನಲ್ಲಿ ಬಂದರೆ ಎಷ್ಟು ಡೀಸೆಲ್ ಸುಡುತ್ತದೆ ಎಂಬ ಲೆಕ್ಕ ಆಗಲೂ ತಲೆಯಲ್ಲಿ ತಾನಾಗಿ ಓಡಿತ್ತು. ಅದು ಓಡಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಗಿತ್ತು.

ದೇವರಮನೆ ಕಡೆಯಿಂದ ಇಳಿಯುವ ರಸ್ತೆಗೆ ಗಾಡಿ ಬಂತು. ಬಿಸಿಲು ಚೆನ್ನಾಗಿತ್ತು. ಹುಲ್ಲುಗಾವಲಿನ ಮೇಲೆ ಪ್ರವಾಸಿಗರ ಎರಡು ಕಾರು ನಿಂತಿದ್ದವು, ಯಾರೋ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾಗೇಶ ಎರಡನೇ ಗೇರಿಗೆ ಹಾಕಿದ. ಎಂಜಿನ್ ಗೊರಗೊರ ಅಂದಿತು. ಈಗ ಅವನೇ ಓಡಿಸುವುದು, ಮತ್ತು ಎಲ್ಲ ಇಳಿಜಾರಿನಲ್ಲೂ ಹೀಗೆ ಎರಡನೇ ಗೇರಿನಲ್ಲಿ, ಎಂಜಿನ್ನು ಕೂಗಿಸಿಕೊಂಡೇ ಇಳಿಸುವುದು. ಅದಕ್ಕೇ ಹನ್ನೊಂದು. ಗಾಡಿಗೆ ಏನೂ ಆಗಿಲ್ಲ, ಅದು ನಿಜವಾಗಿ ಕೊಡುವುದೇ ಹನ್ನೊಂದು. ಮೊದಲು ಕೊಡುತ್ತಿದ್ದ ಹದಿನಾಲ್ಕೂವರೆ ಗಾಡಿಯದ್ದಾಗಿರಲಿಲ್ಲ, ಈ ಗುಡ್ಡದ್ದು. ಅಪ್ಪನ ಹಳೇ ಜೀಪು ಇದೇ ಗುಡ್ಡವನ್ನು ಎಂಜಿನ್ ಬಂದ್ ಮಾಡಿಕೊಂಡು ಇಳಿಯುತ್ತಿತ್ತು. ನೆತ್ತಿಯಲ್ಲಿ ನ್ಯೂಟ್ರಲ್‌ಗೆ ತಂದು, ಕೀ ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರೆ ಆಯಿತು, ಕೆಳಗಿನ ಮೋರಿಯವರೆಗೆ ಹನಿ ಎಣ್ಣೆ ಖರ್ಚಿಲ್ಲ. "ಗುಡ್ಡ ಹತ್ತಿಸಿದ ದುಡ್ಡನ್ನ ಗುಡ್ಡದಿಂದಲೇ ವಸೂಲಿ ಮಾಡ್ಬೇಕು" ಎಂದು ಅಪ್ಪ ನಗುತ್ತಿದ್ದರು. ಎಂಜಿನ್ ನಿಂತ ಕೂಡಲೇ ಎಲ್ಲ ಕೇಳಿಸುತ್ತಿತ್ತು. ಟೈರಿನ ಕೆಳಗಿನ ಜಲ್ಲಿ, ಕಾಡಿನೊಳಗೆ ಕುಟುರ ಹಕ್ಕಿ, ಅಪ್ಪನ ಉಸಿರು. ಏಳು ವರ್ಷದ ನಾಗೇಶನಿಗೆ ಆ ಸದ್ದಿಲ್ಲದ ಇಳಿತವೇ ದೊಡ್ಡವರಾಗುವುದು ಎಂಬಂತೆ ಅನಿಸಿತ್ತು.

ಲಕ್ಕಯ್ಯ ಅವನಲ್ಲಿ ಒಂಬತ್ತು ವರ್ಷ ಡ್ರೈವರಾಗಿದ್ದ. ಕಡಿಮೆ ಮಾತಿನವ, ಕುಡಿಯುತ್ತಿರಲಿಲ್ಲ, ಹಾರ್ನ್ ಹೊಡೆಯಲು ಸಹ ಸಂಕೋಚಪಡುವಂಥವ. ಎರಡು ವರ್ಷದ ಹಿಂದೆ ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ ಪಾರ್ಚ್‌ಮೆಂಟ್ ಕಾಫಿ ಇಳಿಸಲು ಕಾಯುತ್ತಿದ್ದ ನಾಲ್ಕೈದು ಪ್ಲಾಂಟರುಗಳು ತಮ್ಮ ತಮ್ಮ ಪಿಕಪ್ಪುಗಳ ಮೈಲೇಜು ಹೇಳಿಕೊಳ್ಳುತ್ತಿದ್ದರು. ಒಬ್ಬ ಹದಿಮೂರು ಅಂದ, ಒಬ್ಬ ಹದಿನಾಲ್ಕು ಅಂದ. ನಾಗೇಶ ಹತ್ತು ಎಂದಾಗ ಯಾರೂ ನಗಲಿಲ್ಲ. ಒಬ್ಬ ಮಾತ್ರ ಮೆಲ್ಲಗೆ, "ಡ್ರೈವರ್ ನಿಯತ್ತಿನವನಾ, ವಿಚಾರಿಸಿ" ಎಂದ. ಅಷ್ಟು ಸಾಕಾಯಿತು. ಮರುದಿನದಿಂದ ನಾಗೇಶ ತಾನೇ ಬಂಕಿಗೆ ಹೋಗತೊಡಗಿದ. ಟ್ಯಾಂಕಿನ ಕತ್ತಿನವರೆಗೆ ತುಂಬಿಸಿ, ಗಾಳಿ ಹೋಗಲಿ ಎಂದು ಗಾಡಿಯನ್ನು ಹಿಂದಿನಿಂದ ಅಲುಗಾಡಿಸಿ, ಮತ್ತೆ ತುಂಬಿಸಿ, ವಾರ ಬಿಟ್ಟು ಮತ್ತೆ ಕತ್ತಿನವರೆಗೆ ತುಂಬಿಸಿ ಲೆಕ್ಕ ಹಾಕುತ್ತಿದ್ದ. ಲಕ್ಕಯ್ಯ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿರುತ್ತಿದ್ದ. ಒಂದು ದಿನ ಗಾಡಿಯ ಹಿಂದೆ ಹನ್ನೊಂದು ಆಳುಗಳು ಕೂತಿದ್ದಾಗ ನಾಗೇಶ, "ಬೇರೆಯವರ ಗಾಡಿಗೆ ಹದಿನಾಲ್ಕು ಬರುತ್ತೆ, ನಂದಕ್ಕೆ ಯಾಕೆ ಹತ್ತು ಬರುತ್ತೆ ಅಂತ ನೀನೇ ಹೇಳ್ಬೇಕು ಲಕ್ಕಯ್ಯ" ಎಂದಿದ್ದ. ಲಕ್ಕಯ್ಯನ ಕಿವಿಯವರೆಗೂ ರಕ್ತ ಏರಿತ್ತು. "ನೀವೇ ಒಂದಿನ ಕೂತು ನೋಡಿ ಅಯ್ಯ" ಎಂದ.

ನಾಗೇಶ ಕೂತ. ಈ ರಸ್ತೆಯಲ್ಲೇ, ಈ ನೆತ್ತಿಯಲ್ಲೇ. ಡೀಸೆಲ್ ಕದಿಯುವ ಕೈ ಅದಲ್ಲ ಎಂಬುದು ಐದು ನಿಮಿಷದಲ್ಲಿ ಗೊತ್ತಾಯಿತು, ಆದರೆ ಒಪ್ಪಿಕೊಳ್ಳುವುದು ಹೇಗೆ. ಏನಾದರೂ ಒಂದು ತಪ್ಪು ತೋರಿಸಲೇಬೇಕಿತ್ತು. "ಇಲ್ಲಿ ಯಾಕೆ ಎಂಜಿನ್ ಓಡಿಸ್ತಾ ಇದ್ದೀಯ" ಎಂದು ಅವನು ಪಕ್ಕದ ಸೀಟಿನಿಂದ ಕೈ ಚಾಚಿ ಗೇರನ್ನು ನ್ಯೂಟ್ರಲ್‌ಗೆ ತಳ್ಳಿದ, ಸ್ಟೇರಿಂಗಿನ ಅಡಿಗೆ ಕೈ ಹಾಕಿ ಕೀಯನ್ನು ಒಂದು ಹಲ್ಲು ತಿರುಗಿಸಿದ. ಎಂಜಿನ್ ನಿಂತಿತು. "ಸ್ಟೇರಿಂಗ್ ಬಿಗಿಯಾಗುತ್ತೆ ಅಯ್ಯ" ಎಂದ ಲಕ್ಕಯ್ಯ ಗಾಬರಿಯಿಂದ. "ಕೈಯಲ್ಲಿ ಬಲ ಇಲ್ವಾ" ಎಂದ ನಾಗೇಶ. ಗಾಡಿ ಸದ್ದಿಲ್ಲದೆ ಇಳಿಯಿತು. ಹಿಂದಿನಿಂದ ಹೆಂಗಸರ ಮಾತು ಹಠಾತ್ತನೆ ಕೇಳತೊಡಗಿತು. ಕೃಷ್ಣಮ್ಮನ ಗಂಟಲು ಎಲ್ಲರಿಗಿಂತ ದೊಡ್ಡದು. ಎಲೆಯಡಿಕೆ ಉಗಿಯಲು ಅನುಕೂಲ ಅಂತ ಅವಳು ಯಾವಾಗಲೂ ಹಿಂದಿನ ಬಾಗಿಲಿಗೆ ಒರಗಿ ನಿಲ್ಲುವವಳು. "ನೋಡ್ರೇ, ಅಯ್ಯೋರ ಗಾಡಿ ನಿದ್ದೆ ಮಾಡ್ಕಂಡು ಹೋಗ್ತದೆ" ಎಂದಳು. ಎಲ್ಲ ನಕ್ಕರು. ನಾಗೇಶನೂ ನಕ್ಕ. ಆ ವಾರ ಹದಿನಾಲ್ಕು ಬಂತು, ಮುಂದಿನ ವಾರ ಹದಿನಾಲ್ಕೂವರೆ. ಕ್ಯೂರಿಂಗ್ ವರ್ಕ್ಸಿನಲ್ಲಿ ಅವನು ಯಾರೂ ಕೇಳುವ ಮೊದಲೇ ಹೇಳಿದ.

ಈಗ ಆ ತಿರುವು ಬಂತು. ರಸ್ತೆಬದಿಯ ದರೆಯ ಮಣ್ಣು ಕಿತ್ತುಹೋದ ಜಾಗದಲ್ಲಿ ಮಳೆಗಾಲ ಕಳೆದು ಹುಲ್ಲು ಬಂದಿದೆ. ಗೊತ್ತಿಲ್ಲದವರಿಗೆ ಏನೂ ಕಾಣುವುದಿಲ್ಲ. ಅಪ್ಪನ ಜೀಪಿನ ಬ್ರೇಕಿಗೆ ಎಂಜಿನ್ನಿನಿಂದ ಬಲ ಪಡೆಯುವ ಬೂಸ್ಟರ್ ಇರಲಿಲ್ಲ, ಪೂರಾ ಕಾಲಿನ ಬಲದಲ್ಲೇ ಹಿಡಿಯುತ್ತಿತ್ತು, ಅದಕ್ಕೆ ಆ ಆಟ ನಡೆಯುತ್ತಿತ್ತು ಎಂದು ಆಮೇಲೆ ಮೂಡಿಗೆರೆಯ ಮೆಕ್ಯಾನಿಕ್ಕು ವಿವರಿಸಿದ. ಈಗಿನ ಗಾಡಿಯಲ್ಲಿ ಎಂಜಿನ್ ನಿಂತ ಮೇಲೆ ಪೆಡಲ್ ಎರಡು ಸಲ, ಹೆಚ್ಚೆಂದರೆ ಮೂರು ಸಲ ಕೇಳುತ್ತದೆ, ಆಮೇಲೆ ಕಲ್ಲಾಗುತ್ತದೆ. ಜನವರಿಯ ಆ ಸಂಜೆ ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಲಕ್ಕಯ್ಯ ಎರಡು ಸಲ ತುಳಿದಿದ್ದನಂತೆ. ಮೂರನೆಯದು ತಿರುವಿನಲ್ಲಿ. ಗಾಡಿ ಅರ್ಧ ಸುತ್ತು ತಿರುಗಿ ಹಿಂಬದಿಯಿಂದ ದರೆಗೆ ಹೋಗಿ ಬಡಿದು ವಾಲಿತು. ಹತ್ತು ಜನರಿಗೆ ತರಚು ಗಾಯ. ಹಿಂದಿನ ಬಾಗಿಲಿಗೆ ಒರಗಿದ್ದ ಕೃಷ್ಣಮ್ಮ ಆ ಬಾಗಿಲಿಗೂ ದರೆಗೂ ಮಧ್ಯ ಸಿಕ್ಕಿಕೊಂಡಳು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಹೋಗಿಬಿಟ್ಟಳು.

ಆಸ್ಪತ್ರೆಯ ಅಂಗಳದಲ್ಲಿ ಪೊಲೀಸಿನವರು ಕೇಳಿದ್ದು ಒಂದೇ ಪ್ರಶ್ನೆ. ಕೀ ಆಫ್ ಆಗಿತ್ತಲ್ಲ, ಯಾರು ಆಫ್ ಮಾಡು ಅಂದದ್ದು. ಲಕ್ಕಯ್ಯನ ಅಂಗಿಯ ತೋಳಿನ ಮೇಲೆಲ್ಲ ಅವಳ ರಕ್ತ. ಅವನು ಬಾಯಿ ತೆರೆಯುವ ಮೊದಲೇ ನಾಗೇಶ, "ಎಷ್ಟು ಸಲ ಹೇಳಿದೀನಿ ಇವನಿಗೆ, ಹಾಗೆ ಮಾಡ್ಬೇಡ ಅಂತ" ಎಂದುಬಿಟ್ಟ. ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಸೀನು ಬಂದಂತೆ ಬಂತು. ಲಕ್ಕಯ್ಯ ಅವನ ಕಡೆ ನೋಡಿದ. ಆ ನೋಟದಲ್ಲಿ ಕೋಪ ಇದ್ದಿದ್ದರೆ ನಾಗೇಶ ಇಷ್ಟು ಹೊತ್ತಿಗೆ ಅದನ್ನು ಮರೆತಿರುತ್ತಿದ್ದ. ಅವನು ಆಶ್ಚರ್ಯಪಟ್ಟಿದ್ದ, ಅಷ್ಟೇ. ಆಮೇಲೆ ನೆಲ ನೋಡುತ್ತ, "ಹೌದು ಸಾರ್, ಅಯ್ಯೋರು ಹೇಳಿದ್ರು. ನಾನೇ ಕೇಳ್ಲಿಲ್ಲ" ಎಂದ. ಕೋರ್ಟಿನಲ್ಲೂ ಅದನ್ನೇ ಹೇಳಿ ತಪ್ಪೊಪ್ಪಿಕೊಂಡ. ಮೂರು ತಿಂಗಳು ಒಳಗಿದ್ದು ಬಂದ. ಲೈಸೆನ್ಸು ಹೋಯಿತು. ಅವನ ದಂಡವನ್ನು ಕಟ್ಟಿದ್ದು ನಾಗೇಶನೇ, ಮತ್ತು ಕಟ್ಟಿದ್ದನ್ನು ನಾಲ್ಕು ಜನರಿಗೆ ಹೇಳಿದವನೂ ಅವನೇ.

ಮೂಡಿಗೆರೆಗೆ ಬರುವಷ್ಟರಲ್ಲಿ ಡೀಸೆಲ್ ಮುಳ್ಳು ಕೆಂಪಿಗೆ ಇಳಿದಿತ್ತು. ಕೊಟ್ಟುಬಿಡುವ ಗಾಡಿಗೆ ಯಾಕೆ ಎಂದು ಎರಡು ವಾರದಿಂದ ಚೂರುಚೂರೇ ಹಾಕಿಸಿ ತಂದಿಟ್ಟಿದ್ದ. ಊರೊಳಗಿನ ಬಂಕಿನಲ್ಲಿ ಸ್ಟಾಕ್ ಇಲ್ಲ ಎಂಬ ಬೋರ್ಡು. ಚಿಕ್ಕಮಗಳೂರು ರಸ್ತೆಯಲ್ಲಿ ಮುಂದಿನದು ಒಂದೇ, ಅವನು ನಾಲ್ಕು ತಿಂಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು. ಗಾಡಿ ಒಳಗೆ ತಿರುಗುತ್ತಿದ್ದಂತೆಯೇ ಲಕ್ಕಯ್ಯ ಬಂದ. ಬಂಕಿನವರು ಕೊಟ್ಟ ನೀಲಿ ಅಂಗಿ ಅವನಿಗೆ ದೊಡ್ಡದಾಗಿತ್ತು. ಅವನು ಗಾಡಿಯ ಮುಖವನ್ನು ಒಮ್ಮೆ, ಹಿಂದಿನ ಬಾಗಿಲಿನ ಹೊಸ ವೆಲ್ಡಿಂಗನ್ನು ಒಮ್ಮೆ ನೋಡಿ ಕಿಟಕಿಗೆ ಬಂದ. ಸೀಟಿನ ಮೇಲಿನ ಕಾಗದದ ಕವರೂ ಕಣ್ಣಿಗೆ ಬಿತ್ತು.

"ಕೊಡೋಕೆ ಹೊರಟ್ರಾ ಅಯ್ಯ?"

"ಹ್ಞೂಂ. ಮೈಲೇಜ್ ಬರ್ತಿಲ್ಲ ಮಾರಾಯ" ಎಂದ ನಾಗೇಶ. ಹೇಳಿದ ಮೇಲೆ ಯಾರಿಗೆ ಹೇಳಿದೆ ಎಂದು ಗೊತ್ತಾಗಿ ಅವನು ಕಾಗದದ ಕವರನ್ನು ಸೀಟಿನ ಆಚೆ ಬದಿಗೆ ಸರಿಸಿದ.

ಲಕ್ಕಯ್ಯ ಅದನ್ನು ಕೇಳಿಸಿಕೊಳ್ಳದವನಂತೆ ಟ್ಯಾಂಕಿನ ಮುಚ್ಚಳ ತಿರುಗಿಸಿದ. "ಜಾಸ್ತಿ ಹಾಕ್ಸ್‌ಬೇಡಿ. ಐದು ಲೀಟರ್ ಸಾಕು, ಆರಾಮಾಗಿ ಮುಟ್ಟುತ್ತೆ. ಉಳಿದದ್ದು ತಗೊಂಡೋರ ಪಾಲಾಗುತ್ತೆ." ಅವನು ಐದೇ ಲೀಟರ್ ಹಾಕಿದ. ನಳಿಗೆಯ ಕೊನೆಯ ಹನಿ ಬೀಳುವವರೆಗೂ ಹಿಡಿದುಕೊಂಡ. ದುಡ್ಡು ತೆಗೆದುಕೊಂಡ ಮೇಲೂ ಕಿಟಕಿ ಬಿಡಲಿಲ್ಲ. "ಅಯ್ಯ, ಗುರುವಾರ ಆರ್‌ಟಿಒದಲ್ಲಿ ಕರೆದಿದಾರೆ, ಲೈಸೆನ್ಸ್ ವಿಷ್ಯ. ಮಾಲೀಕರ ಕಡೆಯಿಂದ ಒಂದು ಕಾಗದ ಇದ್ರೆ ನೋಡಬಹುದು ಅಂತ ಯಾರೋ ಹೇಳಿದ್ರು. ಬಂದ್ ಮಾಡೋದು ನೀವು ಹೇಳ್ಕೊಟ್ಟಿದ್ದು ಅಂತ ಒಂದು ಗೆರೆ. ಜಾಸ್ತಿ ಏನೂ ಬೇಡ."

"ನೋಡೋಣ. ವಾಪಸ್ ಬರುವಾಗ ನೋಡೋಣ" ಎಂದ ನಾಗೇಶ, ಕ್ಲಚ್ ಒತ್ತುತ್ತ.

ಒಂದು ಗೆರೆ. ಹಾಂದಿ ದಾಟಿ, ಆಲ್ದೂರು ದಾಟಿ, ವಸ್ತಾರೆ ಬರುವವರೆಗೆ ಅವನು ಆ ಗೆರೆಯನ್ನೇ ಬರೆದು ಅಳಿಸಿದ. ನಾನು ಹೇಳಿಕೊಟ್ಟಿದ್ದೇನೆ. ನಾನು ಹೇಳಿಕೊಟ್ಟಿರಬಹುದು. ಆ ಭಾಗದಲ್ಲಿ ಎಲ್ಲ ಡ್ರೈವರುಗಳೂ ಹಾಗೆ ಮಾಡುವ ರೂಢಿಯಿದೆ. ಪ್ರತಿಯೊಂದು ವಾಕ್ಯವೂ ಕೊನೆಗೆ ಅವನನ್ನು ಆಸ್ಪತ್ರೆಯ ಅಂಗಳಕ್ಕೇ ತಂದು ನಿಲ್ಲಿಸುತ್ತಿತ್ತು. ಬರೆದುಕೊಟ್ಟರೆ ಪೊಲೀಸಿನವರಿಗೆ ಹೇಳಿದ್ದು ಸುಳ್ಳಾಗುತ್ತದೆ, ಕೃಷ್ಣಮ್ಮನ ಮನೆಯವರು ಬಂದು ಅಂಗಳದಲ್ಲಿ ನಿಲ್ಲುತ್ತಾರೆ, ಕ್ಯೂರಿಂಗ್ ವರ್ಕ್ಸಿನಲ್ಲಿ ಮಾತು ನಿಲ್ಲುತ್ತದೆ. ಬರೆಯದಿದ್ದರೆ ಲಕ್ಕಯ್ಯ ನೀಲಿ ಅಂಗಿಯಲ್ಲೇ ಇರುತ್ತಾನೆ, ಅಷ್ಟೇ ತಾನೆ, ಬಂಕಿನಲ್ಲಿ ಕೆಲಸ ಮಾಡುವುದೇನು ಕೀಳಲ್ಲ. ಹೀಗೆ ಯೋಚಿಸಿ ಅವನಿಗೆ ಒಂದು ಕ್ಷಣ ಸಮಾಧಾನವೂ ಆಯಿತು. ಆಮೇಲೆ ತಲೆಯಲ್ಲಿ ಆ ಹಳೇ ಗುಣಾಕಾರ ಭಾಗಾಕಾರ ಓಡಿತು. ತಿಂಗಳಿಗೆ ಸಾವಿರದಿನ್ನೂರು ಕಿಲೋಮೀಟರು. ಹನ್ನೊಂದರ ಬದಲು ಹದಿನಾಲ್ಕೂವರೆ ಬಂದರೆ ಉಳಿಯುವುದು ಇಪ್ಪತ್ತಾರು ಲೀಟರು. ದಿನಕ್ಕೆ ಒಂದು ಲೀಟರೂ ಇಲ್ಲ. ಕಳೆ ಕತ್ತರಿಸುವ ಯಂತ್ರ ಒಂದು ಗಂಟೆಯಲ್ಲಿ ಅಷ್ಟು ಕುಡಿಯುತ್ತದೆ. ಆ ಲೀಟರು ಅವನಿಗೆ ಯಾವತ್ತೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನಾಲ್ಕು ಜನರ ಮುಂದೆ ಹೇಳಲು ಒಂದು ಸಂಖ್ಯೆ.

ಚಿಕ್ಕಮಗಳೂರಿನ ಷೋರೂಮಿನಲ್ಲಿ ಎಕ್ಸ್‌ಚೇಂಜ್ ನೋಡಿಕೊಳ್ಳುವವಳು ಧನ್ಯಾ ಎಂಬಾಕೆ. ಕೈಯಲ್ಲಿ ಟ್ಯಾಬ್ ಹಿಡಿದು ಗಾಡಿಯ ಸುತ್ತ ಎರಡು ಸಲ ಬಂದಳು. ಪೇಂಟಿನ ಮೇಲೆ ಬೆರಳು ಬಡಿದಳು, ಬಾನೆಟ್ಟು ಎತ್ತಿದಳು, ಚಾಸಿಸ್ಸಿನ ಕೆಳಗೆ ಬಗ್ಗಿ ಮೊಬೈಲಿನ ದೀಪ ಹಾಕಿ ನೋಡಿದಳು. ಹಿಂದಿನ ಬಾಗಿಲ ಹತ್ತಿರ ನಿಂತು, "ಇಲ್ಲಿ ಹೊಡೆದಿದೆ ಅಲ್ವಾ ಸರ್" ಎಂದಳು. ದರೆಗೆ ತಾಗಿತ್ತು ಎಂದ. ಅವಳು ಬರೆದುಕೊಂಡಳು. ತಾಗಿತ್ತು ಎಂಬ ಶಬ್ದ ಟ್ಯಾಬಿನೊಳಗೆ ಹೋಗಿ ಕೂತಿತು. ಹೊಸ ಮಾಡೆಲ್ ಎಷ್ಟು ಕೊಡುತ್ತೆ ಎಂದು ಅವನು ಮಾತು ತಿರುಗಿಸಿದ. "ಕಂಪನಿ ಲೆಕ್ಕ ಇಲ್ಲಿ ನಡೆಯಲ್ಲ ಸರ್, ಘಾಟಿಯಲ್ಲಿ ಹನ್ನೊಂದು ಹನ್ನೆರಡು ಅಂದ್ಕೊಳ್ಳಿ" ಎಂದಳು ನಗುತ್ತ. "ಲೋಡ್ ಗಾಡಿಗೆ ಮೈಲೇಜ್ ನೋಡೋದಕ್ಕಿಂತ ಬ್ರೇಕ್ ನೋಡಿ ಸರ್. ನಮ್ಮ ಕಡೆ ಏರೋದು ಕಷ್ಟ ಅಲ್ಲ, ಇಳಿಯೋದು." ತನ್ನ ಮಗಳ ವಯಸ್ಸಿನವಳು ಆಡಿದ ಆ ಸಾಮಾನ್ಯ ಮಾತು ಕೇಳಿ ಅವನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ಅವಳು ಯಾರಿಗೋ ಹೇಳಿ ಟೀ ತರಿಸಿದಳು.

ಹಳೇ ಗಾಡಿಗಳನ್ನು ಅವರು ಇಟ್ಟುಕೊಳ್ಳುವುದಿಲ್ಲ. ಬೇಕೆಂದು ಹೆಸರು ಬರೆಸಿದವರನ್ನು ಅವತ್ತೇ ಕರೆಸುತ್ತಾರೆ, ಕೊಡುವವನೂ ಕೊಳ್ಳುವವನೂ ಎದುರಾಬದುರು ನಿಂತು ಒಂದು ರೇಟಿಗೆ ಬರಬೇಕು. ಹನ್ನೆರಡೂವರೆಗೆ ಪ್ರಸಾದರು ಎಂಬ ಕಳಸದವರು ಬಂದರು. ಅಡಕೆ, ಕಾಫಿ ಎರಡೂ ಇದ್ದ ಕುಳ, ಬಿಳಿ ಪಂಚೆ, ನಗುಮುಖ. ಅವರ ಹಿಂದೆ ಡ್ರೈವರ್ ಕೆಂಪಯ್ಯ. ನಲವತ್ತರ ಆಸುಪಾಸಿನವನು. ಪ್ರಸಾದರು ಮಾತಾಡುತ್ತಿದ್ದರೆ ಅವನು ಗಾಡಿಯನ್ನು ಮಾತಾಡಿಸುತ್ತಿದ್ದ. ಟೈರು ಒತ್ತಿದ, ಸ್ಟೇರಿಂಗ್ ಅಲುಗಾಡಿಸಿದ, ಹಿಂದಿನ ಬಾಗಿಲಿನ ಬೆಸುಗೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಅಂಗೈ ಇಟ್ಟ ಜಾಗ ನೋಡಲಾರದೆ ನಾಗೇಶ ಹೊಸ ಗಾಡಿಗಳ ಸಾಲಿನ ಕಡೆ ತಿರುಗಿದ.

"ಎಲ್ಲಾ ಸರಿ, ಮೈಲೇಜ್ ಏನು ಬರುತ್ತೆ ಗೌಡ್ರೇ?" ಪ್ರಸಾದರು ಕೇಳಿದರು. "ನಮ್ಮದು ಕಳಸದಿಂದ ಮೇಲೆ ಎಂಟು ಕಿಲೋಮೀಟರ್. ದಿನಾ ಆಳು ತರಬೇಕು, ಬಿಡಬೇಕು. ಕುಡಿಯೋ ಗಾಡಿ ಆದ್ರೆ ನಂಗೆ ಪೂರೈಸಲ್ಲ."

ಹನ್ನೊಂದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಪ್ರಸಾದರು ಮುಖ ಸೊಟ್ಟ ಮಾಡಿ ಹದಿನೈದು ಸಾವಿರ ಇಳಿಸಿ ಕೇಳುತ್ತಿದ್ದರು. ಹದಿನೈದು ಸಾವಿರಕ್ಕೆ ನಾಗೇಶ ಸಾಯುತ್ತಿರಲಿಲ್ಲ. ಆದರೆ ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ ನಿಂತಹಾಗಾಯಿತು, ಎದುರಿಗೆ ನಾಲ್ಕು ಜನ ನಿಂತಿದ್ದಾರೆ, ಡ್ರೈವರ್ ನಿಯತ್ತಿನವನಾ ಎಂದು ಯಾರೋ ಮೆಲ್ಲಗೆ ಕೇಳಲಿದ್ದಾರೆ. "ಹದಿನಾಲ್ಕೂವರೆ" ಎಂದ. "ಟ್ಯಾಂಕಿಂದ ಟ್ಯಾಂಕಿಗೆ ನಾನೇ ತುಂಬಿಸಿ ನೋಡಿದ್ದು." ಆ ಸಂಖ್ಯೆಯನ್ನು ಹೇಳಿ ಹತ್ತು ತಿಂಗಳಾಗಿತ್ತು. ನಾಲಿಗೆಗೆ ಅದರ ರುಚಿ ಮರೆತಿರಲಿಲ್ಲ.

ಕೆಂಪಯ್ಯ ಗಾಡಿಯ ಹಿಂದಿನಿಂದ ಬಂದ. ಪ್ರಸಾದರನ್ನು ದಾಟಿ ಅವನು ಮಾತಾಡಿದ್ದು ಅದೊಂದೇ ಸಲ. "ಇಳಿಜಾರಲ್ಲಿ ಬಂದ್ ಮಾಡಿ ಬರ್ಸಿದ್ದಾ ಅಯ್ಯ?"

"ಮಾಡಿದ್ರೇನೀಗ" ಎಂದರು ಪ್ರಸಾದರು. "ನಮ್ಮಪ್ಪಯ್ಯ ಜೀಪನ್ನ ಮನೆಯಿಂದ ಕಳಸದ ಪೇಟೆವರೆಗೂ ಹಾಗೇ ಬಿಡ್ತಿದ್ರು. ಒಂದು ದಿನಾನೂ ಏನಾಗಿಲ್ಲ."

ಕೆಂಪಯ್ಯ ನಾಗೇಶನ ಮುಖವನ್ನೇ ನೋಡುತ್ತಿದ್ದ. ಅವನು ಕೇಳುತ್ತಿದ್ದದ್ದು ಗಾಡಿಯ ವಿಷಯವಲ್ಲ, ನಾಳೆಯಿಂದ ಅದನ್ನು ಓಡಿಸಬೇಕಾದ ತನ್ನ ವಿಷಯ ಎಂಬುದು ನಾಗೇಶನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಇಲ್ಲಿ ಪೊಲೀಸರಿರಲಿಲ್ಲ. ಯಾರ ರಕ್ತವೂ ಯಾರ ಅಂಗಿಯ ಮೇಲೂ ಇರಲಿಲ್ಲ. ಜೀಪಿನ ಬ್ರೇಕು ಬೇರೆ, ಇದರ ಬ್ರೇಕು ಬೇರೆ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಹಾಗೆಂದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಗೆ ಗೊತ್ತು ಎಂಬಲ್ಲಿಂದ ಬೆಸುಗೆಗೆ ಬರುತ್ತಾರೆ, ಬೆಸುಗೆಯಿಂದ ಕೃಷ್ಣಮ್ಮನ ಹೆಸರಿಗೆ. "ಡ್ರೈವರ್ ಮಾಡ್ತಿದ್ದನೋ ಏನೋ" ಎಂದ ನಾಗೇಶ. "ನಾನಂತೂ ಹೇಳ್ಕೊಟ್ಟಿಲ್ಲ." ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಕೇಳಿದ್ಯಾ ಕೆಂಪಯ್ಯ, ಹದಿನಾಲ್ಕೂವರೆ. ನಿನ್ನ ಕೈಯಲ್ಲೂ ಅಷ್ಟು ಬರ್ಬೇಕಪ್ಪ" ಎಂದರು ಪ್ರಸಾದರು, ಬೈಗುಳವಲ್ಲ, ಪ್ರೀತಿಯಿಂದಲೇ. ಕೆಂಪಯ್ಯ ಇನ್ನೊಮ್ಮೆ ಬೆಸುಗೆಯ ಕಡೆ ನೋಡಿ, "ಬರಿಸ್ತೀನಿ ಅಯ್ಯ" ಎಂದ. ಧನ್ಯಾ ಕಾಗದಗಳನ್ನು ತಂದಳು. ನಾಗೇಶ ಒಂಬತ್ತು ಕಡೆ ಸಹಿ ಹಾಕಿದ. ಹೊಸ ಗಾಡಿ ಮುಂದಿನ ವಾರ ಎಂದಳು. ಅಂಗಳದಲ್ಲಿ ಕೆಂಪಯ್ಯ ಪಿಕಪ್ಪನ್ನು ಹಿಂದಕ್ಕೆ ತೆಗೆದು, ಪ್ರಸಾದರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೇಟು ದಾಟಿಸಿ ಹೋದ. ಚೆನ್ನಾಗಿ ಓಡಿಸುತ್ತಿದ್ದ, ಲಕ್ಕಯ್ಯನ ಹಾಗೆಯೇ ಅವಸರವಿಲ್ಲದೆ. ನಾಗೇಶನಿಗೆ ತಡೆಯಲಾರದಷ್ಟು ಹಸಿವಾಯಿತು. ಬಸ್ ಸ್ಟ್ಯಾಂಡಿನ ಎದುರು ಹೋಟೆಲಿಗೆ ಹೋಗಿ ಊಟ ಮಾಡಿದ, ಎರಡನೇ ಸಲ ಅನ್ನ ಹಾಕಿಸಿಕೊಂಡ. ಕೈ ತೊಳೆಯುವಾಗ ಕನ್ನಡಿಯಲ್ಲಿ ತನ್ನ ಮುಖ ಹುಷಾರಾಗಿ ಕಾಣುವುದನ್ನು ಕಂಡು ಹೆದರಿದ.

ಮೂಡಿಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೂವತ್ತು ವರ್ಷದಲ್ಲಿ ಅವನು ಈ ರಸ್ತೆಯಲ್ಲಿ ಬಸ್ಸು ಹತ್ತಿದ್ದು ಎರಡೋ ಮೂರೋ ಸಲ. ಬಂಕಿನ ಎದುರು ಬಸ್ಸು ನಿಲ್ಲದೆ ಹೋಗಲಿ ಎಂದು ಆಲ್ದೂರಿನಿಂದಲೇ ಬಯಸುತ್ತಿದ್ದ. ನಿಂತಿತು. ಮೂರು ಜನ ಇಳಿಯುವವರಿದ್ದರು. ಲಕ್ಕಯ್ಯ ರಸ್ತೆ ದಾಟಿ ಬಂದು ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಬಂದ. ಮಧ್ಯಾಹ್ನದಿಂದ ಬಂದ ಬಸ್ಸುಗಳನ್ನೆಲ್ಲ ಹೀಗೇ ನೋಡಿರಬೇಕು. ಇವನನ್ನು ಕಂಡು ಕಿಟಕಿಯ ಸರಳು ಹಿಡಿದ.

"ಕೊಟ್ರಾ ಅಯ್ಯ?"

"ಕೊಟ್ಟೆ. ಲಕ್ಕಯ್ಯ, ಆ ಕಾಗದ..."

"ಕಾಗದ ಬೇಡ ಬಿಡಿ" ಎಂದ ಲಕ್ಕಯ್ಯ. "ನೀವು ಹೋದ್ಮೇಲೆ ಯೋಚ್ನೆ ಮಾಡ್ದೆ. ಲೈಸೆನ್ಸ್ ಬಂದ್ರೂ ನಾನಿನ್ನು ಸ್ಟೇರಿಂಗ್ ಹಿಡಿಯಲ್ಲ. ಕೈಯೇ ಹೋಗಲ್ಲ. ನಿಮ್ಮನ್ನ ಯಾಕೆ ಸುಮ್ನೆ ಎಳೀಬೇಕು."

ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡಂತೆ ನಾಗೇಶನಿಗೆ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಹಗುರವೇ ಹೆಚ್ಚು. ಕಣ್ಣು ತುಂಬಿ ಬಂತು. ಲಕ್ಕಯ್ಯನ ಕೈ ಮುಟ್ಟಬೇಕೆನಿಸಿತು. ಆದರೆ ಲಕ್ಕಯ್ಯ ಇನ್ನೂ ಸರಳು ಬಿಟ್ಟಿರಲಿಲ್ಲ.

"ಒಂದೇ ಒಂದು ಅಯ್ಯ. ತಗೊಂಡೋರ ಡ್ರೈವರಿಗೆ ಹೇಳಿದ್ರಾ, ಇಳಿಜಾರಲ್ಲಿ ಬಂದ್ ಮಾಡ್ಬೇಡ ಅಂತ?"

"ಹೇಳಿದೆ."

"ಏನಂದ?"

ನಾಗೇಶ ಟಿಕೆಟ್ ಹುಡುಕುವವನಂತೆ ಜೇಬಿಗೆ ಕೈ ಹಾಕಿದ. ಲಕ್ಕಯ್ಯ ಕಾದ. ಆಮೇಲೆ, ತಪ್ಪು ತನ್ನದೇ ಎಂಬಂತೆ, "ನೀವು ಹೇಳಿದ್ರೆ ಹ್ಞೂಂ ಅಂದಿರ್ತಾನೆ, ಡ್ರೈವರುಗಳು ಎಲ್ಲದಕ್ಕೂ ಹ್ಞೂಂ ಅಂತಾರೆ" ಎಂದ. "ಯಾವೂರು ಅಯ್ಯ ಅವರು? ಭಾನುವಾರ ನಂಗೆ ರಜೆ. ಹೋಗಿ ನಾನೇ ಒಂದು ಮಾತು ಹೇಳಿ ಬರ್ತೀನಿ. ಪೆಡಲ್ ಹೆಂಗೆ ಕಲ್ಲಾಗುತ್ತೆ ಅಂತ ಅದನ್ನ ತುಳಿದವನೇ ಹೇಳ್ಬೇಕು. ಬೆಳಿಗ್ಗೆಯಿಂದ ಅದೊಂದೇ ಯೋಚ್ನೆ, ಊಟಾನೂ ಸೇರ್ಲಿಲ್ಲ."

ಇಳಿಯುವವರು ಇಳಿದಾಗಿತ್ತು. ಹಿಂದಿನ ಸೀಟಿನ ಹೆಂಗಸು ಇವರ ಮಾತಿಗೆ ಕಿವಿ ಕೊಟ್ಟಿದ್ದಳು. ಕಳಸ ಎಂದರೆ ಸಾಕು, ಭಾನುವಾರ ಲಕ್ಕಯ್ಯ ಬಸ್ಸು ಹತ್ತುತ್ತಾನೆ, ಕೇಳಿಕೊಂಡು ಕೇಳಿಕೊಂಡು ಆ ಎಂಟು ಕಿಲೋಮೀಟರು ನಡೆಯುತ್ತಾನೆ, ಕೆಂಪಯ್ಯನನ್ನು ಹುಡುಕಿ ಎಲ್ಲ ಹೇಳುತ್ತಾನೆ. ಹೇಳುವಾಗ ಮೊದಲಿಂದ ಹೇಳಬೇಕಾಗುತ್ತದೆ. ಕೀ ಮೊದಲು ತಿರುಗಿಸಿದ್ದು ಯಾರ ಕೈ ಎಂದು ಕೆಂಪಯ್ಯ ಕೇಳುತ್ತಾನೆ. ಅವನು ಅದನ್ನು ಕೇಳದೆ ಬಿಡುವವನಲ್ಲ. ಕಂಡಕ್ಟರ್ ಸೀಟಿ ಊದಿದ. ಲಕ್ಕಯ್ಯ ಬಸ್ಸಿನ ಜೊತೆ ಎರಡು ಹೆಜ್ಜೆ ಹಾಕಿದ.

"ಕಡೂರಿನವರು" ಎಂದ ನಾಗೇಶ. "ಬಯಲುಸೀಮೆ. ತೆಂಗಿನಕಾಯಿ ಸಾಗಿಸೋಕೆ ತಗೊಂಡ್ರು. ಅಲ್ಲಿ ಇಳಿಜಾರು ಎಲ್ಲಿಂದ ಬರುತ್ತೆ ಮಾರಾಯ."

ಲಕ್ಕಯ್ಯನ ಮುಖ ಸಡಿಲವಾಯಿತು. ಹತ್ತು ತಿಂಗಳಲ್ಲಿ ಆ ಮುಖ ಹಾಗಾದದ್ದನ್ನು ನಾಗೇಶ ಕಂಡಿರಲಿಲ್ಲ. ಅವನು ಸರಳು ಬಿಟ್ಟು, ಎರಡೂ ಕೈ ಜೋಡಿಸಿದ.

"ಬದುಕ್ಸಿದ್ರಿ ಅಯ್ಯ" ಎಂದ. "ಇವತ್ತು ಊಟ ಸೇರುತ್ತೆ."